ಬಾಣಂತಿಯ ಕಣ್ಣಿನ ಒಳಬಣ್ಣ

ನಮ್ಮ ಮನೆಯಲ್ಲಿ ಸೋಮವಾರ ಬೆಳಿಗ್ಗೆ ಬಸುರಿಯರ ಕಣ್ಣು ನೋಡುತ್ತಿದ್ದರು. ಬಸುರಾಗಿರುವುದು ಸೊಸೆಯೋ ಕತ್ತೆಯೋ ಎಂಬ ಭೇದ ಅದರಲ್ಲಿ ಇರಲಿಲ್ಲ. ನೋಡುತ್ತಿದ್ದವರು ನಮ್ಮತ್ತೆ. ಬಿಸಿಲು ಇನ್ನೂ ಎಳೆಯದಾಗಿರುವಾಗ ಹೊಸ್ತಿಲಿನ ಹೊರಗೆ ಪೂರ್ವಕ್ಕೆ ಮುಖ ಮಾಡಿಸಿ ನಿಲ್ಲಿಸಿ, ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡುವರು. ನೋಡಿ ಒಂದೇ ಮಾತು. ಚೆನ್ನಾಗಿ ಕೆಂಪಗಿದ್ದರೆ ‘ಗೋರಂಟಿ’. ಸ್ವಲ್ಪ ಮಾಸಿ ನಸುಗೆಂಪಾಗಿದ್ದರೆ ‘ಸೀಬೆ’, ಅಂದರೆ ಸೀಬೆಹಣ್ಣಿನ ಒಳತಿರುಳಿನ ಬಣ್ಣ. ಕೆಂಪೇ ಇಲ್ಲದೆ ಬೆಳ್ಳಗೆ ಕಂಡರೆ ‘ಗಂಜಿ’. ಬಟ್ಟೆಗೆ ಗಂಜಿ ಹಾಕುವ ಮನೆ ನಮ್ಮದು, ಬಿಳುಪಿಗೆ ಬೇರೆ ಹೆಸರು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಈ ವಿದ್ಯೆ ಅವರಿಗೆ ಬಂದದ್ದು ಪಿರಿಯಾಪಟ್ಟಣದ ಕಡೆಯ ಅವರ ಅಪ್ಪನಿಂದ. ಆತ ಕತ್ತೆಗಳಿಗೆ ಮದ್ದು ಕೊಡುತ್ತಿದ್ದನಂತೆ. ಕತ್ತೆ ತನ್ನ ನೋವು ಹೇಳುವುದಿಲ್ಲ, ಸಾಯುವಂತಾದರೂ ಕಿವಿ ಇಳಿಬಿಟ್ಟು ಸುಮ್ಮನೆ ನಿಂತಿರುತ್ತದೆ, ಆದ್ದರಿಂದ ಅದರ ಕಣ್ಣನ್ನೇ ಕೇಳಬೇಕು ಎಂದು ಮಗಳಿಗೆ ಕಲಿಸಿದ್ದ. ಅತ್ತೆ ಅದನ್ನು ಗಂಡನ ಮನೆಗೆ ತಂದು ಸೊಸೆಯರಿಗೂ ಹೊಂದಿಸಿಬಿಟ್ಟರು. ಸೊಸೆಯರೂ ನೋವು ಹೇಳಿಕೊಳ್ಳುವವರಲ್ಲ ಎಂದು ಅವರಿಗೆ ಗೊತ್ತಿದ್ದಿರಬೇಕು.

ದೊಡ್ಡ ಸೊಸೆ ನನ್ನ ಓರಗಿತ್ತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳಿಗೆ ಈ ಸೋಮವಾರದ ಶಾಸ್ತ್ರವೆಂದರೆ ನಗು.

“ಅತ್ತೆಮ್ಮ, ಮೊದ್ಲು ನಂದು ನೋಡ್ಬುಡಿ. ಕತ್ತೆ ಪಿಚ್ಚು ಮುಟ್ಟಿದ ಕೈಲಿ ನನ್ ಕಣ್ಣು ಮುಟ್ಬ್ಯಾಡಿ.”

“ಅದ್ರ ಪಿಚ್ಚು ನಿನ್ ಕಾಡಿಗೆಗಿಂತ ಚೆಂದಾಗದೆ, ಬಾ ಇಲ್ಲಿ,” ಎನ್ನುವರು ಅತ್ತೆ. ಮೊದಲು ಕತ್ತೆಯದನ್ನೇ ನೋಡುವರು.

ನಮ್ಮೂರು ಕೃಷ್ಣರಾಜನಗರಕ್ಕೆ ನಾಲ್ಕು ಮೈಲಿ, ಕಾವೇರಿಯ ದಡದಲ್ಲಿ. ಹೊಳೆಯ ಪಕ್ಕದ ಹಳೆಯ ಪೇಟೆಯನ್ನು ಬಿಟ್ಟು ಕೃಷ್ಣರಾಜನಗರವೆಂದು ಹೊಸ ಊರು ಕಟ್ಟಿ ಆಗ ಕೆಲವೇ ವರ್ಷವಾಗಿತ್ತು, ಅಲ್ಲಿಯ ನೆಟ್ಟನೆಯ ಬೀದಿಗಳನ್ನು ನೋಡಲೆಂದೇ ನಮ್ಮೂರಿನವರು ಸುಮ್ಮಸುಮ್ಮನೆ ಹೋಗಿಬರುತ್ತಿದ್ದರು. ನಾನು ಹೆಗ್ಗಡದೇವನಕೋಟೆ ಕಡೆಯಿಂದ ಬಂದವಳು. ನನ್ನ ತವರಿನಲ್ಲಿ ಬಟ್ಟೆಯ ಗಂಟನ್ನು ನಾವೇ ತಲೆಯ ಮೇಲೆ ಹೊರುತ್ತಿದ್ದೆವು, ಕತ್ತೆ ಇರಲಿಲ್ಲ. ಇಲ್ಲಿ ಬಂದಾಗ ಎರಡು ಕತ್ತೆಗಳಿದ್ದವು, ಅವನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಒಂದು ಮುದಿ ಗಂಡು, ಇನ್ನೊಂದು ಹೆಣ್ಣು. ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ಸೋಮವಾರದ ಬೆಳಿಗ್ಗೆ ನನ್ನ ಕೆಲಸ ಕತ್ತೆಯ ಕೊರಳ ಹಗ್ಗ ಹಿಡಿದು ನಿಲ್ಲುವುದು ಮಾತ್ರ. ನನ್ನ ಕಣ್ಣನ್ನು ಯಾರೂ ನೋಡುತ್ತಿರಲಿಲ್ಲ.

ಆದರೆ ಆ ಶಾಸ್ತ್ರಕ್ಕೆ ಇನ್ನೊಂದು ಮಗ್ಗುಲಿತ್ತು. ಹೆರಿಗೆಯಾದ ದಿನದಿಂದ ನಲವತ್ತು ದಿನ ಯಾರೂ ಕಣ್ಣು ನೋಡಬಾರದು. ಬಾಣಂತಿಯ ರೆಪ್ಪೆಯ ಒಳಮೈಗೆ ಬೆಳಕು ಬಿದ್ದರೆ ಹಾಲು ಬತ್ತುತ್ತದೆ, ನೋಡಿದವರ ದೃಷ್ಟಿ ಒಳಗಿಳಿಯುತ್ತದೆ ಎಂದು. ಇದು ಕತ್ತೆಗೂ ಸಲ್ಲುತ್ತಿತ್ತು. ಅದರಲ್ಲೂ ಮಡಿಲು ತುಂಬದವಳು ನೋಡಿದರೆ ಕೇಳುವುದೇ ಬೇಡ. ಮಡಿಲು ತುಂಬದವಳು ಎಂದರೆ ಆ ಮನೆಯಲ್ಲಿ ನಾನೊಬ್ಬಳೇ. ನನ್ನ ಹೆಸರು ಹಿಡಿದು ಯಾರೂ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ನಾನು ಬಂದ ಎರಡನೆಯ ವರ್ಷ ಹಿಂದಿನ ಹೆಣ್ಣುಕತ್ತೆ ಈದು ಒಂದು ತಿಂಗಳಿಗೆ ಸತ್ತಿತ್ತು. ಗಬ್ಬವಾಗಿದ್ದಷ್ಟು ದಿನವೂ ಅದರ ಕಣ್ಣು ಗೋರಂಟಿಯಾಗಿತ್ತು. ಈದ ಮೇಲೆ ಮೇವು ಬಿಟ್ಟಿತು, ಮಂಡಿಯೂರಿತು, ಒಂದು ಮಧ್ಯಾಹ್ನ ಬಟ್ಟೆ ಬೇಯಿಸುವ ಉಬ್ಬೆಯ ಒಲೆಯ ಪಕ್ಕದಲ್ಲೇ ಒರಗಿಕೊಂಡಿತು. ಹೊಳೆಯಲ್ಲಿ ಪಕ್ಕದ ಕಲ್ಲಿನ ಹೆಂಗಸು, “ಯಾರೋ ನೋಡವ್ರೆ ಕಣವ್ವ,” ಎಂದು ಬಟ್ಟೆ ಬಡಿಯುತ್ತಲೇ ಅಂದಳು. ಅವಳು ನನ್ನ ಕಡೆ ತಿರುಗಲಿಲ್ಲ. ಅಂದಿನಿಂದ ನನಗೆ ಒಂದು ಹೆದರಿಕೆ ಅಂಟಿಕೊಂಡಿತು. ಈ ಮನೆಯಲ್ಲಿ ಇನ್ನೊಮ್ಮೆ ಯಾವ ತಾಯಿಗೆ ಏನಾದರೂ ಅದು ನನ್ನ ತಲೆಗೇ ಬರುತ್ತದೆ, ನನ್ನನ್ನು ತವರಿಗೆ ಅಟ್ಟುತ್ತಾರೆ ಎಂಬ ಹೆದರಿಕೆ.

ನಾನು ಹೇಳಹೊರಟ ವರ್ಷದಲ್ಲಿ ಅಕ್ಕನಿಗೂ ಹೊಸ ಹೆಣ್ಣುಕತ್ತೆಗೂ ಜೊತೆಗೆ ದಿನ ತುಂಬುತ್ತಿತ್ತು. ಕತ್ತೆಗೆ ಹನ್ನೆರಡು ತಿಂಗಳು, ಹೆಂಗಸಿಗೆ ಒಂಬತ್ತು, ಆದರೂ ಇಬ್ಬರ ಲೆಕ್ಕ ಒಂದೇ ಕಡೆ ಬಂದು ಕೂಡಿತ್ತು. ಅಕ್ಕನಿಗೆ ಅದು ಮೂರನೆಯದು. ಮೊದಲಿನೆರಡು ಹೆರಿಗೆ ತವರಿನಲ್ಲಿ ಆಗಿತ್ತು, ಈ ನಡುವೆ ತಾಯಿ ತೀರಿಕೊಂಡಿದ್ದರಿಂದ ಈ ಸಲ ಇಲ್ಲೇ. ಅತ್ತೆಗೆ ಒಳಗೊಳಗೇ ಹಿಗ್ಗು. ಸೋಮವಾರ ಬಂದರೆ ಇಬ್ಬರನ್ನೂ ಬಾಗಿಲಿಗೆ ಕರೆಯುವರು. “ಗೋರಂಟಿ,” ಎಂದು ಕತ್ತೆಗೆ. “ಗೋರಂಟಿ,” ಎಂದು ಅಕ್ಕನಿಗೆ. ಕೊನೆಯ ಸೋಮವಾರದವರೆಗೂ ಅದೇ ಮಾತು.

ಕತ್ತೆ ಮೊದಲು ಈಯಿತು. ಹೆಣ್ಣುಮರಿ, ಕಾಲು ಉದ್ದ, ಹಣೆಯ ಮೇಲೆ ರೋಮ ಕೆದರಿಕೊಂಡು ನಿಂತಿತ್ತು. ಒಂಬತ್ತು ದಿನದ ಮೇಲೆ ಅಕ್ಕನಿಗೆ ಗಂಡು ಕೂಸು. ಕತ್ತೆಯದು ಸುಲಭವಾಗಿ ಮುಗಿದಿತ್ತು, ಅಕ್ಕನದು ಹಾಗಲ್ಲ. ಸೂಲಗಿತ್ತಿ ಹೊರಗೆ ಬಂದು ಕೈತೊಳೆದುಕೊಂಡು, “ಎಲ್ಲಾ ಸಸೂತ್ರ ಆಯ್ತು,” ಎಂದಳು. ಆದರೆ ಆ ಬಟ್ಟೆಗಳನ್ನು ಹೊಳೆಗೆ ಹೊತ್ತುಕೊಂಡು ಹೋದವಳು ನಾನು. ಊರಿನ ಎಲ್ಲ ಮನೆಗಳ ಹೆರಿಗೆಯ ಬಟ್ಟೆಯೂ ನಮಗೇ ಬರುತ್ತದೆ. ಒಂದು ಹೆರಿಗೆಗೆ ಎಷ್ಟು ರಕ್ತ ಹೋಗುತ್ತದೆ ಎಂಬುದು ಡಾಕ್ಟರಿಗಿಂತ ಒಗೆಯುವವಳಿಗೆ ಚೆನ್ನಾಗಿ ಗೊತ್ತು. ಎರಡನೆಯ ನೀರಿಗೆ ಕೆಂಪು ಬಿಡಬೇಕು, ಮೂರನೆಯದಕ್ಕೆ ತಿಳಿಯಾಗಬೇಕು. ಅಕ್ಕನ ಬಟ್ಟೆ ಏಳನೆಯ ನೀರಿಗೂ ಕೆಂಪು ಬಿಡುತ್ತಿತ್ತು. ನಾನು ಮಂಡಿಯುದ್ದ ನೀರಿನಲ್ಲಿ ನಿಂತು ನೋಡುತ್ತಿದ್ದೆ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ಅಕ್ಕನನ್ನು ನಡುಮನೆಯ ಕತ್ತಲೆಯ ಮೂಲೆಯಲ್ಲಿ ಮಲಗಿಸಿದರು. ಬಾಣಂತಿಗೆ ಬಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ಗುಟುಕು ಬಿಸಿನೀರು. ಸೊಪ್ಪು ಕೂಡದು, ಶೀತ. ಹುರುಳಿ ಕೂಡದು, ಕೂಸಿಗೆ ಹೊಟ್ಟೆ ಉಬ್ಬರ. ಕತ್ತೆಗೆ ಬಾಣಂತನ ಅಷ್ಟೂ ಇರಲಿಲ್ಲ. ಹನ್ನೆರಡನೆಯ ದಿನಕ್ಕೆ ಅದರ ಬೆನ್ನ ಮೇಲೆ ಗಂಟು ಹೇರಿದೆವು. ಅದರ ಜೊತೆಗೆ ಹಾಲಿನ ಕಾಟ. ಊರಿನಲ್ಲಿ ಕೂಸು ಕೆಮ್ಮಲಿ, ಬೆಚ್ಚಲಿ, ಕೂಸಿಗೆ ಹಾಲು ಹಾಕುವ ಮೂತಿಯ ಒಳಲೆ ಹಿಡಿದುಕೊಂಡು ತಾಯಂದಿರು ನಮ್ಮ ಬಾಗಿಲಿಗೆ ಬರುತ್ತಿದ್ದರು, ಕತ್ತೆಹಾಲು ಕುಡಿಸಲು. ನಾವು ಯಾವ ಮನೆಗಳ ಬಟ್ಟೆ ಒಗೆಯುತ್ತೇವೋ ಆ ಮನೆಗಳಿಗೆ ಇಲ್ಲ ಎನ್ನುವಂತಿರಲಿಲ್ಲ. ಆ ವರ್ಷ ಊರಿನಲ್ಲಿ ಕೂಸುಗಳೂ ಹೆಚ್ಚು, ಕೆಮ್ಮೂ ಹೆಚ್ಚು. ಮರಿ ಕುಡಿಯುವ ಮೊದಲೇ ನಾಲ್ಕಾರು ಒಳಲೆ ತುಂಬಿ ಹೋಗುತ್ತಿತ್ತು.

ಮೂರು ವಾರ ಕಳೆಯಿತು. ಕತ್ತೆಯ ಕೆಳದುಟಿ ಜೋತುಬಿತ್ತು. ಹೊಳೆಯಿಂದ ಬರುವ ಏರಿನಲ್ಲಿ ಎರಡು ಕಡೆ ನಿಂತು ಉಸಿರು ಎಳೆದುಕೊಳ್ಳುತ್ತಿತ್ತು. ಮೊದಲು ಅದು ಅಲ್ಲಿ ನಿಂತರೆ ಸೋಗು ಹಾಕುತ್ತಿದೆ ಎಂದು ನಾನೇ ಬೈಯುತ್ತಿದ್ದೆ, ಈಗ ಬೈಯಲು ಬಾಯಿ ಬರುತ್ತಿರಲಿಲ್ಲ. ಹಿಂದಿನ ಕತ್ತೆಯೂ ಹೀಗೇ ನಿಲ್ಲುತ್ತಿತ್ತಲ್ಲ ಎಂಬುದು ನೆನಪಾಗುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಹೊಳೆಗೆ ಹೋಗಿದ್ದಾಗ ಅದನ್ನು ಉಬ್ಬೆಯ ಒಲೆಯ ಹಿಂದಕ್ಕೆ ಎಳೆದುಕೊಂಡು ಹೋದೆ. ನಾಲ್ಕೂ ಕಡೆ ನೋಡಿದೆ. ಹೆಬ್ಬೆರಳಿಟ್ಟು ರೆಪ್ಪೆ ಎಳೆದೆ.

ಗಂಜಿ.

ತಟ್ಟನೆ ಕೈ ಬಿಟ್ಟೆ. ಕತ್ತೆ ನನ್ನನ್ನೇ ನೋಡುತ್ತಿತ್ತು. ಅದು ನನ್ನ ಕಣ್ಣಿನಿಂದಲೇ ಬೆಳ್ಳಗಾಯಿತೋ, ಬೆಳ್ಳಗಾಗಿದ್ದನ್ನು ನಾನು ನೋಡಿದೆನೋ, ಆ ಗಳಿಗೆಯಲ್ಲಿ ನನಗೆ ನಿಜವಾಗಿ ತಿಳಿಯಲಿಲ್ಲ. ಇವತ್ತು ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆದರೆ ಅಂದು ಹಾಗೆ ನಂಬಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟದ್ದು ಸಾಕಾಗಿದೆ.

ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮೂರನೆಯ ದಿನ ಹೊಳೆಯಿಂದ ಬರುತ್ತಾ ಊರ ಚಾವಡಿಯ ಮುಂದೆ ಕತ್ತೆ ಮುಂಗಾಲು ಮಡಿಸಿ ಕುಸಿಯಿತು. ಒದ್ದೆ ಗಂಟು ಮಣ್ಣಿಗೆ ಬಿತ್ತು. ಅವತ್ತು ಚಾವಡಿಯಲ್ಲಿ ಹುಣಸೂರಿನಿಂದ ಬಂದ ದನದ ಡಾಕ್ಟರು ದೊಡ್ಡರೋಗಕ್ಕೆ ಸೂಜಿ ಹಾಕುತ್ತಿದ್ದರು. ಎತ್ತುಗಳ ಸಾಲು ಬಿಟ್ಟು ಅವರೇ ಎದ್ದು ಬಂದರು. ಕತ್ತೆಗೆಂದು ಒಬ್ಬ ಪಂಚೆ ಕೋಟಿನ ಮನುಷ್ಯ ಎದ್ದು ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಈದು ಎಷ್ಟು ದಿನ ಆಯಿತಮ್ಮ?”

“ಇಪ್ಪತ್ತೆಂಟು ದಿನ ಬುದ್ದಿ.”

ಅವರು ಬಾಯಿ ಬಿಡಿಸಿ ವಸಡು ನೋಡಿದರು. ರೆಪ್ಪೆಗೆ ಕೈ ಹಾಕಿದಾಗ ಕತ್ತೆ ತಲೆ ಒದರಿತು. ನಾನು ಅಭ್ಯಾಸಬಲದಿಂದ ಕಿವಿಯ ಬುಡ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ರೆಪ್ಪೆ ಇಳಿಸಿ ತೋರಿಸಿಬಿಟ್ಟೆ. ಅವರು ಕಣ್ಣಿನ ಬದಲು ನನ್ನ ಮುಖ ನೋಡಿದರು.

“ಇದನ್ನು ಯಾರು ಕಲಿಸಿದರಮ್ಮ ನಿನಗೆ?”

ನಾನು ಕತ್ತೆಯ ಕಿವಿ ಬಿಟ್ಟು ಹಿಂದಕ್ಕೆ ಸರಿದೆ.

ಅವರು ಕತ್ತೆಯ ಕೊರಳಿನಿಂದ ಒಂದು ಗಾಜಿನ ಕೊಳವೆಗೆ ರಕ್ತ ತೆಗೆದರು. ಹೆಪ್ಪುಗಟ್ಟದಿರಲೆಂದು ಒಳಗೆ ಏನೋ ಪುಡಿ ಹಾಕಿದ್ದರು. ಹಿಂದೆ ಬರುತ್ತಿದ್ದ ಮುದಿ ಗಂಡುಕತ್ತೆಯಿಂದಲೂ ಅಷ್ಟೇ ತೆಗೆದು ಎರಡನ್ನೂ ಚಾವಡಿಯ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ನಾಲ್ಕು ಎತ್ತುಗಳಿಗೆ ಸೂಜಿ ಹಾಕಿ ಬರುವಷ್ಟರಲ್ಲಿ ರಕ್ತ ತಾನಾಗಿ ಬೇರೆಯಾಗಿತ್ತು. ಕೆಳಗೆ ಕೆಂಪು, ಮೇಲೆ ಹಳದಿ ನೀರು. ಗಂಡುಕತ್ತೆಯದರಲ್ಲಿ ಕೆಂಪು ಕೊಳವೆಯ ಮೂರರಲ್ಲಿ ಒಂದು ಪಾಲಿಗೂ ಮೇಲೆ ನಿಂತಿತ್ತು. ತಾಯಿಕತ್ತೆಯದರಲ್ಲಿ ತಳದಲ್ಲಿ ಒಂದು ಬೆರಳು ಕೆಂಪು, ಮಿಕ್ಕದ್ದೆಲ್ಲ ನೀರು. ಅವರು ಉಗುರಿಟ್ಟು ತೋರಿಸಿದರು. ಅಷ್ಟು ನೀರನ್ನು ಮೈಯಲ್ಲಿ ಹೊತ್ತುಕೊಂಡು ಅದು ನಮ್ಮ ಗಂಟನ್ನೂ ಹೊರುತ್ತಿತ್ತು.

“ಗಬ್ಬ ಇದ್ದಾಗ ಚೆನ್ನಾಗಿತ್ತು ಅನ್ನುತ್ತೀಯ. ಇರುತ್ತದಮ್ಮ. ಈಯುವ ತನಕ ರಕ್ತ ಗಟ್ಟಿಯಾಗೇ ಇರುತ್ತದೆ, ಕೆಲವಕ್ಕೆ ಹೆಚ್ಚಾಗುವುದೂ ಉಂಟು. ಮೋಸ ಮಾಡುವುದು ಆಮೇಲೆ. ಈಯುವಾಗ ಒಂದಷ್ಟು ಹೋಗುತ್ತದೆ, ಹಾಲಿಳಿದ ಮೇಲೆ ದಿನದಿನವೂ ತೆಳ್ಳಗಾಗುತ್ತದೆ. ಸ್ವಲ್ಪ ತೆಳ್ಳಗಾದರೆ ತಪ್ಪಲ್ಲ, ತಾನೇ ಸರಿಹೋಗುತ್ತದೆ. ಹೊಟ್ಟೆಗೆ ಸಾಲದೆ, ಹೊರೆ ಹೇರಿ, ಹಾಲನ್ನೂ ಕಿತ್ತುಕೊಂಡರೆ ಹೀಗೆ ಆಗುತ್ತದೆ. ಕಣ್ಣು ನೋಡಬೇಕಾದದ್ದು ಈದ ಮೇಲೆ.”

ನೋಡಬೇಕಾದದ್ದು ಈದ ಮೇಲೆ. ನನ್ನ ಕಿವಿಯಲ್ಲಿ ಆ ಮಾತು ಒಂದೇ ಉಳಿಯಿತು. ಕೇಳಿಬಿಟ್ಟೆ.

“ಮನುಸ್ರಿಗೂ ಅಂಗೇನಾ ಬುದ್ದಿ?”

“ನಾನು ದನದ ಡಾಕ್ಟರಮ್ಮ,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ರಕ್ತ ಯಾರದಾದರೂ ರಕ್ತವೇ. ಮನೆಯಲ್ಲಿ ಯಾರಾದರೂ ಇದ್ದರೆ ಕೃಷ್ಣರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸು,” ಎಂದರು.

ಕತ್ತೆಗೆ ಹೇಳಿದ ಪಥ್ಯ ಹೀಗಿತ್ತು: ಎರಡು ತಿಂಗಳು ಹೊರೆ ಬೇಡ, ಹಾಲು ಮರಿಗೆ ಮಾತ್ರ, ದಿನಾ ಹಸಿರು ಸೊಪ್ಪು, ಬೇಯಿಸಿದ ಹುರುಳಿ, ಅದರಲ್ಲಿ ಒಂದು ಚಿಟಿಕೆ ಅನ್ನಭೇದಿ. ಹುಳಕ್ಕೆ ಒಂದು ಪೊಟ್ಟಣ ಅವರೇ ಕೊಟ್ಟರು. ಅನ್ನಭೇದಿ ನಮಗೆ ಹೊಸದಲ್ಲ. ಬಟ್ಟೆಗೆ ಕಪ್ಪು ಬಣ್ಣ ಕಟ್ಟುವವರು ಗ್ರಂಧಿಗೆ ಅಂಗಡಿಯಿಂದ ತರುವ ಹಸಿರು ಹರಳು ಅದು. ನಮ್ಮ ಮನೆಯ ಗೂಡಿನಲ್ಲೇ ಒಂದು ಕರಟದ ತುಂಬ ಇತ್ತು. ಅದರಲ್ಲಿರುವುದು ಕಬ್ಬಿಣ, ಅದು ರಕ್ತಕ್ಕೆ ಬೇಕು ಎಂದು ಡಾಕ್ಟರು ಹೇಳಿದಾಗಲೇ ನನಗೆ ಗೊತ್ತಾದದ್ದು.

ಮನೆಗೆ ಬಂದು ಎಲ್ಲವನ್ನೂ ಅತ್ತೆಗೆ ಒಪ್ಪಿಸಿದೆ, ಕೊನೆಯ ಮಾತೊಂದನ್ನು ಬಿಟ್ಟು. ಆಸ್ಪತ್ರೆಯ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವರು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡರು.

“ಕಣ್ಣು ನೋಡಿದ್ನಾ ಅವ್ನು?”

“ನೋಡಿದ್ರು ಅತ್ತೆಮ್ಮ.”

“ನೀನು?”

“ಇಲ್ಲ ಅತ್ತೆಮ್ಮ.”

ಅವರು ಇನ್ನೇನೋ ಕೇಳುವವರಿದ್ದರು. ಕೇಳಲಿಲ್ಲ. “ಸರ್ಕಾರದೋರು ಏಳಿದ ಮ್ಯಾಲೆ ಮಾಡ್ಬೇಕು. ನಾಳಿಂದ ಒರೆ ಆಕ್ಬ್ಯಾಡ,” ಎಂದು ಒಳಗೆ ಹೋದರು. ಒಳಲೆ ಹಿಡಿದು ಬಂದವರನ್ನು ತಾವೇ ಬಾಗಿಲಲ್ಲಿ ನಿಂತು ವಾಪಸು ಕಳಿಸಿದರು. ನಾನು ಹಿತ್ತಲಿನ ಸೊಪ್ಪು ಕೊಯ್ದು, ಹುರುಳಿ ಬೇಯಿಸಿ, ಅನ್ನಭೇದಿ ಕುಟ್ಟಿ ಕಲಸಿ ಕತ್ತೆಗೆ ಇಡುತ್ತಿದ್ದೆ. ಹತ್ತು ಹೆಜ್ಜೆ ಆಚೆ ಅಕ್ಕ ಗೋಡೆಗೆ ಒರಗಿ ಬಿಳಿ ಅನ್ನಕ್ಕೆ ಮೆಣಸಿನ ಸಾರು ಕಲಸಿಕೊಂಡು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು.

ಒಂದು ದಿನ ಅವಳ ತುಟಿಯ ಅಂಚಿನಲ್ಲಿ ಬೆಳ್ಳಗೆ ಏನೋ ಕಂಡಿತು. ಚೌಳು ಮಣ್ಣು. ನಾವು ಬಟ್ಟೆಗೆ ಹಾಕುವ ಚೌಳು ಮಣ್ಣಿನ ಹೆಂಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕಡಿಯುತ್ತಿದ್ದಳು.

“ಅಯ್ಯೋ ಅಕ್ಕ, ಇದೇನು?”

“ಬಾಯಿ ಬಯಸ್ತದೆ ಕಣೆ. ಅತ್ತೆಮ್ಮಂಗೆ ಏಳ್ಬ್ಯಾಡ,” ಎಂದು ನಕ್ಕಳು. ಅಷ್ಟು ನಗುವುದಕ್ಕೇ ಅವಳಿಗೆ ಉಸಿರು ಸಾಲಲಿಲ್ಲ. ಕೂಸನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಾಯಿಸಿದರೆ ಏರು ಹತ್ತಿದವಳ ಹಾಗೆ ಬುಸುಗುಡುತ್ತಿದ್ದಳು. ನಮ್ಮ ಕತ್ತೆ ಏರಿನಲ್ಲಿ ನಿಲ್ಲುತ್ತಿದ್ದದ್ದು ನನ್ನ ಕಣ್ಣಿಗೆ ಬಂತು. ಅವಳ ಮುಖ ನೋಡದೆ ಎದ್ದು ಹೋದೆ. ಆಮೇಲೆ ಎಷ್ಟೋ ದಿನ ಅವಳ ಮುಖ ನೋಡುವುದನ್ನೇ ತಪ್ಪಿಸಿಕೊಂಡೆ. ನೀರು ಕೊಡುವಾಗ ಕೈ ನೋಡುತ್ತಿದ್ದೆ. ಕೈಯೂ ಬೆಳ್ಳಗಿತ್ತು.

ಇಪ್ಪತ್ತೇಳನೆಯ ದಿನ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಗಂಡಸರು ಬಟ್ಟೆ ಕೊಡಲು ಊರೊಳಗೆ ಹೋಗಿದ್ದರು, ಅತ್ತೆ ಹೊಳೆಯ ಕಲ್ಲಿನ ಹತ್ತಿರ. ಕೂಸಿಗೆ ನಿದ್ದೆ ಹತ್ತಿತ್ತು. ಅಕ್ಕ ನನ್ನನ್ನು ಕರೆದಳು.

“ಕತ್ತೆ ಸುಧಾರಿಸ್ಕತಂತೆ?”

“ಊ ಅಕ್ಕ. ಮೇವು ತಿಂತದೆ.”

“ಅದ್ರ ಕಣ್ಣ ನೋಡಿದ್ಯಂತೆ ಚಾವಡಿ ತಾವ. ಮಗ ಏಳ್ತು.” ಅವಳ ದೊಡ್ಡ ಮಗಳು ಅಲ್ಲೆಲ್ಲೋ ಆಡುತ್ತಿದ್ದಳೆಂದು ಕಾಣುತ್ತದೆ. ನಾನು ಏಳಹೊರಟೆ. ಅಕ್ಕ ನನ್ನ ಕೈ ಹಿಡಿದುಕೊಂಡಳು. “ಎದ್ರಬ್ಯಾಡ, ನಾನ್ಯಾರಿಗೆ ಏಳಾನೆ. ನಂದೂ ಒಸಿ ನೋಡೆ. ಕಿವೀಲಿ ಗುಂಯ್ ಅಂತದೆ, ಎದ್ದು ನಿಂತ್ರೆ ಕತ್ಲೆ ಬತ್ತದೆ. ನೀನ್ ನೋಡು.”

“ಬ್ಯಾಡ ಅಕ್ಕ. ನಾನು ನೋಡಬಾರ್ದು.”

“ನೀನ್ ನೋಡಿದ್ಮೇಲೆ ಕತ್ತೆ ಉಳ್ಕತಲ್ಲ. ನಿನ್ ಕಣ್ಣೇ ವಾಸಿ.”

ಹಾಗೆ ಹೇಳಿದವಳು ಆ ಮನೆಯಲ್ಲಿ ಅವಳೊಬ್ಬಳೇ. ಕಿಟಕಿಯ ಬೆಳಕಿಗೆ ತಾನೇ ಮುಖ ತಿರುಗಿಸಿಕೊಂಡಳು. ನಾನು ಹೆಬ್ಬೆರಳಿಟ್ಟು ರೆಪ್ಪೆ ಇಳಿಸಿದೆ. ಗಂಜಿ. ಕತ್ತೆಯದಕ್ಕಿಂತ ಬೆಳ್ಳಗಿತ್ತು. ನರದ ಒಂದು ಗೆರೆಯೂ ಕೆಂಪಗೆ ಕಾಣಲಿಲ್ಲ.

“ಏನೆ?”

ನನ್ನ ತಲೆಯಲ್ಲಿ ಒಂದೇ ಸಲಕ್ಕೆ ಎಲ್ಲ ನುಗ್ಗಿತು. ಹೇಳಿದರೆ ಅವಳು ಗಂಡನಿಗೆ ಹೇಳುತ್ತಾಳೆ. ಗಂಡ ಅತ್ತೆಗೆ ಹೇಳುತ್ತಾನೆ. ಯಾರು ನೋಡಿದ್ದು ಎಂದು ಬರುತ್ತದೆ. ನಾಳೆ ಅವಳ ಹಾಲು ಬತ್ತಿದರೆ, ಕೂಸಿಗೆ ಏನಾದರೂ ಆದರೆ, ನಾಲ್ಕು ವರ್ಷದ ಬಂಜೆ ಬಾಣಂತಿಯ ಕಣ್ಣು ಬಿಡಿಸಿ ನೋಡಿದಳು ಎಂದು ಹೊಳೆಯ ಎಲ್ಲ ಕಲ್ಲುಗಳಿಗೂ ಗೊತ್ತಾಗುತ್ತದೆ. ಗೋರಂಟಿ ಎನ್ನಲು ನಾಲಿಗೆ ಏಳಲಿಲ್ಲ. ಗಂಜಿ ಎನ್ನಲು ಧೈರ್ಯ ಬರಲಿಲ್ಲ.

“ಸೀಬೆ, ಅಕ್ಕ,” ಎಂದೆ.

“ಬದುಕ್ದೆ ಬುಡು,” ಎಂದು ಅವಳು ಹಿಂದಕ್ಕೆ ಒರಗಿದಳು. “ನಾನೆಲ್ಲೋ ಗಂಜಿ ಅಂತಿಯೇನೋ ಅಂದ್ಕೊಂಡಿದ್ದೆ.”

ಅವಳು ನನ್ನನ್ನು ನಂಬಿದಳು. ಸುಳ್ಳು ಹೇಳಿದ್ದಕ್ಕಿಂತ ಅವಳು ನಂಬಿದ್ದು ನನ್ನನ್ನು ಹೆಚ್ಚು ಸುಟ್ಟಿದೆ.

ಅಂದು ಸಂಜೆ ಕತ್ತೆಯ ಹುರುಳಿ ಕಲಸುವಾಗ ಕರಟದಿಂದ ಒಂದು ಚಿಟಿಕೆ ಅನ್ನಭೇದಿಯನ್ನು ಬೇರೆ ತೆಗೆದಿಟ್ಟೆ. ಅಕ್ಕನ ಸಾರಿಗೆ ಹಾಕಿಬಿಡೋಣ ಎಂದು. ಮೆಣಸಿನ ಖಾರದಲ್ಲಿ ಯಾರಿಗೂ ತಿಳಿಯುವುದಿಲ್ಲ. ಸಾರಿನ ಬೋಗುಣಿಯ ಮುಂದೆ ಕುಳಿತೆ. ಅವಳು ವಾಂತಿ ಮಾಡಿಕೊಂಡರೆ? ಬಣ್ಣ ಕಟ್ಟುವ ಹರಳು, ಕತ್ತೆಗೆ ಹೇಳಿದ ಅಳತೆ, ಬಾಣಂತಿಗೆ ವಿಷವಾದರೆ? ಸಾರು ಕಪ್ಪಾದರೆ? ಹೊರಗೆ ಅತ್ತೆಯ ಹೆಜ್ಜೆಯ ಸದ್ದಾಯಿತು. ಎದ್ದು ಹೋಗಿ ಆ ಚಿಟಿಕೆಯನ್ನು ಕತ್ತೆಯ ಬಾನಿಗೇ ಉದುರಿಸಿದೆ. ಕತ್ತೆ ಅದನ್ನು ತಿಂದು ಬಾನಿಯನ್ನು ನೆಕ್ಕಿತು. ಅದರ ತುಟಿಯ ಒಳಮೈ ಆಗಲೇ ನಸುಗೆಂಪಿಗೆ ತಿರುಗಿತ್ತು. ಅದನ್ನು ನೋಡಿ ನನಗೆ ಅಳು ಬಂತು, ಸಂತೋಷದ ಅಳುವಲ್ಲ.

ಮೂವತ್ತಮೂರನೆಯ ದಿನ ಬೆಳಿಗ್ಗೆ ಅಕ್ಕ ಬಚ್ಚಲಿನಲ್ಲಿ ಬಿದ್ದಳು. ಬಿಸಿನೀರು ಎರೆಯುತ್ತಿದ್ದ ಅತ್ತೆ ಕೂಗಿದರು. ನಾವು ಹೋಗಿ ಎತ್ತುವಾಗ ಅವಳ ಮೈ ನೀರಿಗಿಂತ ತಣ್ಣಗಿತ್ತು. ಅಕ್ಕನ ಗಂಡ, ನಮ್ಮ ಭಾವ, ಗೌಡರ ಮನೆಯ ಗಾಡಿ ಕೇಳಿ ತಂದರು. ಹುಲ್ಲು ಹಾಸಿ ಮಲಗಿಸಿ ಕೃಷ್ಣರಾಜನಗರಕ್ಕೆ ಹೊರಟೆವು. ನಾಲ್ಕು ಮೈಲಿ ಅಷ್ಟು ದೂರ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಗಾಡಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅತ್ತೆ ಕೂಸನ್ನು ಎತ್ತಿಕೊಂಡು ಎದುರಿಗೆ ಕುಳಿತಿದ್ದರು. ದಾರಿಯುದ್ದಕ್ಕೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಸ್ಪತ್ರೆಯ ಡಾಕ್ಟರು ಮೊದಲು ಮಾಡಿದ ಕೆಲಸ ಅವಳ ರೆಪ್ಪೆ ಇಳಿಸಿ ನೋಡಿದ್ದು. ನೋಡಿ, “ಇಷ್ಟು ದಿನ ಮನೆಯಲ್ಲಿ ಯಾರೂ ನೋಡಲಿಲ್ಲವೆ?” ಎಂದು ಕೇಳಿದರು. ಬಯ್ಯುವ ದನಿಯಲ್ಲ, ಸುಸ್ತಾದ ದನಿ. ಭಾವ ತಾಯಿಯ ಕಡೆ ನೋಡಿದರು. ಅತ್ತೆ ನೆಲ ನೋಡುತ್ತಿದ್ದರು. ನಾನು ಗೋಡೆಯ ಸುಣ್ಣ ನೋಡುತ್ತಿದ್ದೆ. ಅವಳಿಗೆ ಏನೇನೋ ಚುಚ್ಚಿದರು, ಬಾಯಿಗೆ ಔಷಧಿ ಹಾಕಿದರು. ಹದಿನೈದು ದಿನ ಮೊದಲು ಬಂದಿದ್ದರೆ ಎಂದು ನರ್ಸಮ್ಮ ಇನ್ನೊಬ್ಬಳಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಮಾರನೆಯ ದಿನ ಊಟದ ಹೊತ್ತಿಗೆ ಅಕ್ಕನ ಉಸಿರು ನಿಂತಿತು.

ಊರಿನಲ್ಲಿ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಬಾಣಂತಿ ಸನ್ನಿ ಎಂದರು, ಆಯುಷ್ಯ ಅಷ್ಟೇ ಇತ್ತು ಎಂದರು. ಎರಡು ವರ್ಷದಿಂದ ಯಾವ ಮಾತಿಗೆ ಹೆದರಿ ಸಾಯುತ್ತಿದ್ದೆನೋ ಆ ಮಾತು ಯಾರ ಬಾಯಿಂದಲೂ ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಕೂಸು ಉಳಿಯಿತು. ಕತ್ತೆಗೆ ಹಾಲು ಚೆನ್ನಾಗಿ ಇಳಿಯುತ್ತಿತ್ತು, ಮರಿಗೆ ಬಿಟ್ಟು ಮಿಕ್ಕದ್ದನ್ನು ಒಳಲೆಯ ಮೂತಿಯಿಂದ ಕೂಸಿನ ಬಾಯಿಗೆ ಹಾಕುತ್ತಿದ್ದೆ. ಆಮೇಲೆ ಆ ಮಗುವನ್ನು ಬೆಳೆಸಿದವಳು ನಾನೇ. ಅವನು ಸ್ಲೇಟು ಹಿಡಿದಾಗ ಅವನ ಪಕ್ಕದಲ್ಲಿ ಕುಳಿತು ನಾನೂ ಅಕ್ಷರ ಕಲಿತೆ. ಅದಕ್ಕೇ ಇದನ್ನು ಬರೆಯಲು ಸಾಧ್ಯವಾಗಿದೆ. ನನ್ನ ಮಡಿಲು ತುಂಬಿದ್ದು ಯಾವ ದಾರಿಯಿಂದ ಎಂದು ಅವನಿಗೆ ನಾನು ಹೇಳಿಲ್ಲ.

ತಿಥಿ ಮುಗಿದು ಎರಡು ತಿಂಗಳಾಗಿತ್ತು. ಹೊಳೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಅಕ್ಕನ ಕಲ್ಲು ನಮ್ಮ ನಡುವೆ ಖಾಲಿಯಾಗಿತ್ತು, ಅದರ ಮೇಲೆ ಯಾರೂ ಬಟ್ಟೆ ಇಡುತ್ತಿರಲಿಲ್ಲ. ನನಗೆ ಇನ್ನು ಹೊತ್ತುಕೊಳ್ಳಲು ಆಗಲಿಲ್ಲ. ಮನೆಯಿಂದ ಓಡಿಸಿದರೆ ಓಡಿಸಲಿ ಎಂದುಕೊಂಡು ಕೈಯಲ್ಲಿದ್ದ ಸೀರೆಯನ್ನು ನೀರಿನಲ್ಲೇ ಬಿಟ್ಟೆ.

“ಅತ್ತೆಮ್ಮ, ಇಪ್ಪತ್ತೇಳನೇ ದಿನ ನಾನು ಅಕ್ಕನ ಕಣ್ಣ ನೋಡಿದ್ದೆ. ಗಂಜಿ ಆಗಿತ್ತು. ಅವ್ಳಿಗೆ ಸೀಬೆ ಅಂದೆ. ನಿಮಗೂ ಏಳ್ನಿಲ್ಲ.”

ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. ಎರಡು ಪೆಟ್ಟು ಹಾಕಿದರು, ಮೂರನೆಯದಕ್ಕೆ ಎತ್ತಿದ ಕೈ ಹಾಗೇ ಇಳಿಯಿತು. ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲಿಟ್ಟು ಅದರ ಪಕ್ಕದಲ್ಲೇ ಕುಳಿತುಬಿಟ್ಟರು. ನನ್ನ ಕಡೆ ನೋಡದೆ ಹೊಳೆಗೆ ಹೇಳಿಕೊಂಡರು.

“ನಾನೂ ನೋಡಿದ್ದೆ ಕಣವ್ವ. ಹದಿನೈದನೇ ದಿನ, ಅವ್ಳು ನಿದ್ದೆ ಓಗಿದ್ದಾಗ.”

ನಾನು ಅವರ ಕಡೆ ತಿರುಗಿದೆ.

“ನೋಡಬ್ಯಾಡಿ ಅಂತ ಊರಿಗೆಲ್ಲ ಏಳ್ಕೊಂಡ್ ಬಂದೋಳು ನಾನು. ನಾನೇ ನೋಡಿದೆ ಅಂತ ನಿಮ್ ಮುಂದೆ ಯಂಗ್ ಏಳ್ಲಿ? ನಿಂಗೆ ಎದ್ರುಕೊಂಡೆ ಕಣವ್ವ, ನಿನ್ ಮುಂದೆ ಸಣ್ಣೋಳಾಯ್ತೀನಿ ಅಂತ.”

“ಆಗ್ಲೂ ಗಂಜಿನಾ ಅತ್ತೆಮ್ಮ?”

ನಾನು ಬಿಟ್ಟ ಸೀರೆ ಹರಿವಿಗೆ ಸಿಕ್ಕಿ ದೂರ ಹೋಗುತ್ತಿತ್ತು, ಇಬ್ಬರೂ ನೋಡುತ್ತಿದ್ದೆವು, ಇಬ್ಬರೂ ಎದ್ದು ಹಿಡಿಯಲಿಲ್ಲ.

“ಇಲ್ಲ,” ಎಂದರು. “ಆಗಿನ್ನೂ ಸೀಬೆ ಇತ್ತು.”